ಹೊಳೆಯ ಕಾಲಿಗೆ ನೀರು

೧೦ ನವೆಂಬರ್ ೧೯೪೬, ರವಿವಾರ. ಬೆಳಗ್ಗೆ

‘ಊರ ಮಕ್ಕಳ ಮೈಯ ತೊಳದಾಕಿ ಹೊಳಿಯವ್ವ...’ ಮುಂದೆ? ಮುಂದಿನ ಸಾಲು ಬರುತ್ತಿಲ್ಲ. ಅಜ್ಜಿ ಬೀಸುವಾಗ ಹಾಡುತ್ತಿದ್ದದ್ದು. ಬೀಸುಕಲ್ಲಿನ ಸಪ್ಪಳ ನೆನಪಿದೆ, ಹಿಟ್ಟಿನ ವಾಸನೆ ನೆನಪಿದೆ, ಎರಡನೆಯ ಸಾಲು ಮಾತ್ರ ಎಲ್ಲೋ ಉದುರಿಹೋಗಿದೆ. ಈಗ ಮೊದಲ ಸಾಲಿನ ಮೇಲೂ ಅನುಮಾನ. ತೊಳೆದಳು, ಸರಿ. ತೊಳೆದ ಕೊಳೆಯನ್ನು ಎಲ್ಲಿಟ್ಟಳು? ಅಜ್ಜಿಗೆ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಆಗ ಹೊಳೆಯ ತುಂಬ ನೀರಿತ್ತು.

ಎಂದಿನಂತೆ ಚಹಾ ಕುಡಿದು ದಂಡೆಗೆ ಹೋದೆ. ಆನೆಮಡುವಿನ ನೀರು ಕಷಾಯದ ಬಣ್ಣ, ಮೇಲೆ ಬುರುಗು. ಸಣಬಿನ ಕಟ್ಟುಗಳ ಮೇಲೆ ಕಲ್ಲು ಹೇರಿ ಮುಳುಗಿಸಿದ್ದಾರೆ. ಕೊಳೆತ ಮೇಲೆ ಸಿಪ್ಪೆ ಸುಲಿದು ನಾರು ತೆಗೆಯಬೇಕಲ್ಲ. ಸದ್ಯ ನಾಲ್ಕು ಮನೆಯವರದಷ್ಟೇ. ಊರಿನ ಉಳಿದ ಬೆಳೆ ಇನ್ನೂ ಬಣವೆಯಲ್ಲಿದೆ. ಇಷ್ಟಕ್ಕೇ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ. ಅಂಬಿಗರ ಅಲ್ಲಪ್ಪ ದೋಣಿಯಲ್ಲಿ ಕುಳಿತು ಅವನ್ನು ಹುಟ್ಟಿನಿಂದ ಬದಿಗೆ ತಳ್ಳುತ್ತಿದ್ದ.

“ಬಲಿ ಬೀಸಲಿಲ್ಲೇನು ಅಲ್ಲಪ್ಪ?”

“ಬಲಿ ಯಾಕ್ರಿ ಅಕ್ಕಾರ? ತಾವ ಮ್ಯಾಲ ಬರಾಕತ್ತಾವಲ್ಲ. ಆರಿಸಿಕೊಂಡ್ರ ಆತು. ತಿನ್ನಾಕ ಅಷ್ಟ ಆಗಂಗಿಲ್ಲ.”

ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, “ಹೋದ ವರ್ಷನೂ ಹಿಂಗ ಆತ್ರಿ. ಈ ಸಲಾನೂ ಮಡು ಸತ್ತರ ನಮ್ಮ ಮಂದಿ ಎಲ್ಲಾ ಘಟಪ್ರಭಾ ಸ್ಟೇಷನ್ನಿಗಿ ಹಮಾಲಿ ಮಾಡಾಕ ಹೋಗತೇವಿ. ದೋಣಿ ಒಲಿಗಿ ಹಾಕ್ತೀನಿ.”

ಎಂ.ಎ. ಮಾಡಿ, ಪುಣೆಯ ಕಾಲೇಜು ಬಿಟ್ಟು ಬಂದು, ಘೋಡಗೇರಿಯಲ್ಲಿ ಹೆಣ್ಣುಮಕ್ಕಳ ಸಾಲೆ ನಡೆಸುವವಳು ಬೆಳಗ್ಗೆ ಎದ್ದು ಸತ್ತ ಮೀನು ನೋಡುತ್ತ ನಿಂತಿದ್ದಾಳೆ ಎಂದರೆ ಅಲ್ಲಿಯ ಗೆಳತಿಯರು ನಂಬಲಿಕ್ಕಿಲ್ಲ. ಆದರೆ ಬರೀ ನಿಂತು ಬರಲು ಮನಸ್ಸಾಗುತ್ತಿಲ್ಲ. ಏನಾದರೂ...

೧೨ ನವೆಂಬರ್, ಮಂಗಳವಾರ. ಸಂಜೆ

ಪಕ್ಕದ ಮನೆಯ ಮುರಿಗೆಪ್ಪ ಓಣಿಯಲ್ಲಿ ಹಗ್ಗ ಹೊಸೆಯುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ನಾನು ಅವನ ಎದುರು ಮುಂದಕ್ಕೆ ಮುಂದಕ್ಕೆ ನಡೆಯುತ್ತ ಮಾತಾಡಿದೆ. ನೋಡಿದವರಿಗೆ ಹುಚ್ಚೆನಿಸಿರಬೇಕು.

ಅವನ ಮಾತು ಸುಳ್ಳಲ್ಲ. ಮೊದಲು ಊರಿಗೆ ಬೇಕಾದಷ್ಟೇ ಸಣಬು, ಹೊಳೆ ತಾಳಿಕೊಂಡಿತ್ತು. ಯುದ್ಧ ಬಂತು, ಸರಕಾರಕ್ಕೆ ಹಗ್ಗ ಬೇಕಾಯಿತು, ಜೋಳದ ಹೊಲವೆಲ್ಲ ಸಣಬಾಯಿತು. ಯುದ್ಧ ಮುಗಿಯಿತು, ಸಣಬು ಉಳಿಯಿತು.

“ದಂಡೆಯ ಮ್ಯಾಲ ತೆಗ್ಗು ತೋಡಿ ಅದರಾಗ ಕೊಳಿ ಹಾಕಿದ್ರ ಹೆಂಗ ಮುರಿಗೆಪ್ಪಣ್ಣ? ಆ ನೀರು ಹೊಲಕ್ಕ ಗೊಬ್ಬರಾನೂ ಆಗತದ.”

“ನಿಂತ ನೀರಾಗ ನಾರ ಕರ್ರಗ ಆಗತೈತ್ರಿ. ಒಂದ ದಿನ ಹೆಚ್ಚ ಕೊಳತ್ರ ಹಿಡದಲ್ಲೆ ಹರೀತೈತಿ. ಹರಿಯೂ ನೀರಾಗಾದ್ರ ಎರಡ ದಿನ ಹಿಂದ ಮುಂದ ಆದ್ರೂ ನಡೀತೈತಿ. ಇಡೀ ವರ್ಷದ ಬೆಳಿರಿ ಅಕ್ಕಾರ. ಹರಕ ನಾರ ಯಾರ ತಗೋತಾರ? ನೀವ ತಲಿಗಿ ಸುತ್ತಿಕೋತೀರೇನು?”

ಒಳಗಿನಿಂದ ಅವನ ಹೆಂಡತಿ ಶಿವಗಂಗವ್ವನ ದನಿ: “ಅಕ್ಕಾರ ತಲಿ ತುಂಬ ಪದಾ ಅದಾವ. ನಿಮ್ಮ ನಾರಿಗಿ ಅಲ್ಲೆ ಜಾಗಾ ಇಲ್ಲ.”

ಮೂವರೂ ನಕ್ಕೆವು. ಆದರೆ ಅವನ ಕೈ ನಿಂತಿತ್ತು. ಹಗ್ಗದ ಎಳೆ ಸಡಿಲಾಗಿ ನೆಲಕ್ಕೆ ಮುಟ್ಟಿದ್ದನ್ನೂ ಗಮನಿಸಲಿಲ್ಲ. ಯೋಚಿಸುತ್ತಿದ್ದಾನೆ!

೧೭ ನವೆಂಬರ್, ರವಿವಾರ. ಮಧ್ಯಾಹ್ನ

ಕೂಡಿದ್ದರು. ಹೊಳೆಯ ಮಾತಾಡಲು ಬನ್ನಿ ಎಂದು ಹೇಳಿಕಳಿಸಿದ್ದಕ್ಕೆ ನಿಜವಾಗಿ ಕೂಡಿದ್ದರು. ಬಸವಣ್ಣನ ಗುಡಿಯ ಕಟ್ಟೆ ಸಾಲದೆ ಮಂದಿ ಬೇವಿನ ಗಿಡದವರೆಗೆ ಕುಳಿತಿದ್ದರು. ನಮ್ಮ ಊರವರು, ಮಮದಾಪುರದವರು ಎರಡು ಗಾಡಿ, ದೂರದ ಮುದಲಗಿಯಿಂದ ಶಿವಗಂಗವ್ವನ ಅಣ್ಣ ಶೆಟ್ಟೆಪ್ಪ ಮತ್ತು ಅವನ ಕಡೆಯ ಏಳೆಂಟು ಜನ. ಅವರ ದಂಡೆಯಲ್ಲೂ ಸಣಬು, ಅವರ ಮಡುವಿನಲ್ಲೂ ಸತ್ತ ಮೀನು.

ಶೆಟ್ಟೆಪ್ಪ ಬಂದವನೇ ಮುರಿಗೆಪ್ಪನಿಗೆ ಚುಚ್ಚಿದ: “ನಮ್ಮ ತಂಗಿನ್ನ ನಿಮ್ಮೂರಿಗಿ ಕೊಟ್ಟದ್ದಕ್ಕ ನೀವು ಕಳಸೂ ಉಡುಗೊರಿ ಇದ ಏನಪ? ನಿಮ್ಮ ಮಡುವಿನ ಕಷಾಯ ಗೋಕಾವಿ ದಾಟಿ ಬಂದು ನಮ್ಮ ಎಮ್ಮಿ ಬಾಯಿಗಿ ಬೀಳತೈತಿ.”

“ನಿಮ್ಮ ಎಮ್ಮಿಗಿ ಕಷಾಯ ಬೇಕಾಗಿತ್ತು ಬಿಡು. ಹಾಲಂತೂ ಕೊಡಂಗಿಲ್ಲ ಅದು.”

ಅರ್ಜಿ ಬರೆಯೋಣ ಎಂದೆ. ಯಾರಿಗೂ ಹಿಡಿಸಲಿಲ್ಲ. ಹೊಳೆಯಲ್ಲಿ ಸಣಬು ಹಾಕುವವರು ನಾವೇ, ಅರ್ಜಿ ಯಾರ ಮೇಲೆ? ಸರಿಯಾದ ಪ್ರಶ್ನೆ. ಅರ್ಜಿ ಬಿಟ್ಟೆ.

ಎರಡು ತಾಸಿನ ಗದ್ದಲದ ಕೊನೆಗೆ ಒಂದು ಮಾತು ಗಟ್ಟಿಯಾಯಿತು. ಈಗ ಹೊಳೆಯಲ್ಲಿರುವ ಕಟ್ಟುಗಳನ್ನು ಎತ್ತಬೇಕು. ಮೊದಲು ಒಬ್ಬರ ಬೆಳೆ ತೆಗ್ಗಿನಲ್ಲಿ ಕೊಳೆಹಾಕಿ ನೋಡುವುದು. ನಾರು ತಾಳಿದರೆ ಮೂರೂ ಕಡೆಯವರದು ತೆಗ್ಗಿಗೆ. ಹಾಳಾದರೆ ಎಲ್ಲರದೂ ಮತ್ತೆ ಹೊಳೆಗೆ, ಆಮೇಲೆ ಯಾರೂ ಬಾಯಿ ತೆಗೆಯುವಂತಿಲ್ಲ. ಅಲ್ಲಿಯತನಕ ಹೊಳೆಗೆ ಒಂದು ಕಡ್ಡಿ ಬೀಳಬಾರದು. ನಾರು ತೊಳೆಯುವುದೂ ಹೊಳೆಯಲ್ಲಲ್ಲ, ಬಾವಿ ನೀರಿನಲ್ಲಿ.

ಆ ಒಬ್ಬರು ಯಾರು? ಇಷ್ಟು ಹೊತ್ತು ಕೂಗಾಡಿದವರೆಲ್ಲ ನೆಲ ನೋಡತೊಡಗಿದರು. ಒಬ್ಬ ಕಾಲಿನ ಮುಳ್ಳು ಹುಡುಕಿದ.

ಹೆಂಗಸರ ಕಡೆಯಿಂದ ಶಿವಗಂಗವ್ವ ಎದ್ದಳು. “ನಮ್ಮದ ಹಾಕ್ರಿ. ಹೆಂಗೂ ನಮ್ಮನಿಯವರು ಒಂದ ವಾರದಿಂದ ನಿದ್ದಿ ಇಲ್ಲದ ಹೊರಳಾಡಾಕತ್ತಾರ. ಹಾಕಿದ್ರರ ಮಲಗತಾರು.”

ಮುರಿಗೆಪ್ಪ ಹೆಂಡತಿಯನ್ನು ನೋಡಿದ. ನನ್ನನ್ನೂ ನೋಡಿದ. ತಲೆ ಅಲ್ಲಾಡಿಸಿದ. ಇಲ್ಲ ಎಂದು ಅಲ್ಲ, ಹೂಂ ಎಂದು.

೨೪ ನವೆಂಬರ್, ರವಿವಾರ. ಸಂಜೆ

ಇಂಥ ದಿನವನ್ನು ಹೇಗೆ ಬರೆಯುವುದು? ಕಲ್ಲಿನಿಂದ ಶುರು ಮಾಡುತ್ತೇನೆ.

ಸಣಬಿನ ಮೇಲೆ ಹೇರುವ ಕಲ್ಲುಗಳು. ಒಂದೊಂದು ಮನೆತನಕ್ಕೆ ಒಂದೊಂದು ಗುರುತು ಕೊರೆದ ಕಲ್ಲು. ಸುಗ್ಗಿ ಮುಗಿದ ಮೇಲೆ ಯಾರೂ ಎತ್ತದೆ ಬಿಟ್ಟದ್ದು, ಅಜ್ಜಂದಿರ ಕಾಲದಿಂದ ಮಡುವಿನ ಬಾಯಲ್ಲಿ ಒಂದರ ಮೇಲೊಂದು ಬಿದ್ದು ಹರಿವೇ ಕಟ್ಟಿಕೊಂಡಿದೆ. ತೆಗ್ಗಿಗೆ ಒಳಗೋಡೆ ಕಟ್ಟಲು ಕಲ್ಲು ಬೇಕಿತ್ತು. ಹೊಳೆಯಲ್ಲಿ ಕಲ್ಲು ಇದ್ದವು. ಎರಡೂ ಒಂದೇ ಕೆಲಸವಾಯಿತು!

ಅಂಬಿಗರು ಮುಳುಗಿ ಎತ್ತಿಕೊಟ್ಟರು. ನೀರಿನಿಂದ ದಂಡೆಗೆ, ದಂಡೆಯಿಂದ ಗಾಯರಾಣಕ್ಕೆ, ದನ ಮೇಯುವ ಆ ಬಯಲಿನಲ್ಲಿ ತೋಡಿದ ತೆಗ್ಗಿನವರೆಗೆ ಮಂದಿಯ ಸಾಲು. ಕೈಯಿಂದ ಕೈಗೆ ಕಲ್ಲು. ನನ್ನ ಬಲಕ್ಕೆ ಮುದಲಗಿಯ ಹೆಂಗಸು, ಎಡಕ್ಕೆ ಶಿವಗಂಗವ್ವ. ಹೆಸರು ಕೇಳುವ ಮೊದಲೇ ಕಲ್ಲು ಕೊಟ್ಟಾಗಿತ್ತು. ಅಂಬಿಗನ ಕೈಯಿಂದ ಬಂದ ಕಲ್ಲನ್ನು ಗೌಡರ ಮನೆಯವರು ಹಿಡಿದರು. ಬೇರೆ ದಿನವಾಗಿದ್ದರೆ ಕೆಳಗಿಡಲು ಹೇಳಿ ಆಮೇಲೆ ಎತ್ತಿಕೊಳ್ಳುತ್ತಿದ್ದರು. ಇಂದು ಕಲ್ಲು ಭಾರವಾಗಿತ್ತು, ಪುರುಸೊತ್ತಿರಲಿಲ್ಲ.

ಒಂದು ಕಲ್ಲು ಬಂತು, ತ್ರಿಶೂಲದ ಗುರುತು. ಮುರಿಗೆಪ್ಪ ಅದನ್ನು ಮುಂದೆ ಕೊಡದೆ ಹಿಡಿದು ನಿಂತ. “ನಮ್ಮ ಅಜ್ಜನ ಗುರ್ತ.”

ಆಚೆಯಿಂದ ಅಲ್ಲಪ್ಪ ಕೂಗಿದ, “ಮುರಿಗೆಪ್ಪಣ್ಣಾ, ಅಜ್ಜನ್ನ ಆಮ್ಯಾಲ ಮಾತಾಡಸ್ರಿ. ಹಿಂದಿನ ಕಲ್ಲ ನನ್ನ ಕಾಲಮ್ಯಾಲ ಐತಿ.”

ಮಧ್ಯಾಹ್ನ ದಾಟಿದ ಮೇಲೆ ಮಡುವಿನ ಬಾಯಿ ಬಿಟ್ಟಿತು. ಮೊದಲು ಒಂದು ಸಣ್ಣ ಸಪ್ಪಳ, ಮಗು ಚಪ್ಪರಿಸಿದಂತೆ. ಆಮೇಲೆ ಕಪ್ಪು ನೀರು ಜಾರಿತು, ಹಿಂದೆ ಮಣ್ಣಿನ ಬಣ್ಣದ್ದು, ಅದರ ಹಿಂದೆ ಬಿಳಿ. ನನಗೆ ಅಳು ಬಂತು. ಪಕ್ಕದ ಮುದಲಗಿಯವಳು, “ಏನ ಆತ್ರಿ, ಕಲ್ಲ ಬಿತ್ತೇನು ಕಾಲಮ್ಯಾಲ?” ಎಂದು ಕೇಳಿದಳು. ಹೌದು ಎಂದೆ.

೭ ಡಿಸೆಂಬರ್, ಶನಿವಾರ

ಎರಡು ವಾರ ಬರೆಯಲು ಆಗಿಲ್ಲ. ಸಾಲೆ, ತೆಗ್ಗು, ಸಾಲೆ, ತೆಗ್ಗು. ಹುಡುಗಿಯರ ಲೆಕ್ಕದ ಪಾಠವೆಲ್ಲ ತೆಗ್ಗಿನ ಉದ್ದ ಅಗಲ ಆಳ.

ತೆಗ್ಗು ಸಿದ್ಧ. ನೀರೂ ತುಂಬಿದೆ. ಆದರೆ ನಾಳೆ ಚಂದ್ರಗ್ರಹಣ, ಅದಕ್ಕೆ ಮೊದಲು ಬೇಡ ಎಂದರು. ನಾಡಿದ್ದು ಸೋಮವಾರ, ಬಸವಣ್ಣನ ದಿನ, ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಹಾಗಾಗಿ ಮುರಿಗೆಪ್ಪನ ಕಟ್ಟು ತೆಗ್ಗಿಗೆ ಬೀಳುವುದು ಮಂಗಳವಾರ. ಹೊಳೆಯಲ್ಲಿ ಕೊಳೆಯಲು ಬೇಕಾಗುವಷ್ಟೇ ದಿನ ಹಿಡಿದು, ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಬುಧವಾರ ಎತ್ತುವುದು ಎಂದು ಮುರಿಗೆಪ್ಪನ ಅಂದಾಜು. ಇಷ್ಟು ದಿನ ಯಾರ ಅಂದಾಜೂ ತಪ್ಪಿಲ್ಲವಂತೆ.

೧೪ ಡಿಸೆಂಬರ್, ಶನಿವಾರ. ಬೆಳಗ್ಗೆ

ಮಡುವಿನ ತಳದ ಉಸುಕು ಕಂಡಿತು. ಕಂಡಿತು! ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬೆರಳುದ್ದದ ಮರಿಮೀನುಗಳು ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಅಲ್ಲಪ್ಪ ಬಲೆ ತಂದಿದ್ದ, ಬೀಸಲಿಲ್ಲ. “ಇರ್ಲಿ ತಗೋರಿ, ಇನ್ನಾ ಹಾಲ ಕುಡಿಯೂ ಕೂಸ ಅದಾವು.”

ತೆಗ್ಗಿನ ಕಡೆಯಿಂದ ಭಯಂಕರ ವಾಸನೆ. ಅದೂ ಇಂದು ಚೆನ್ನಾಗಿದೆ ಎನಿಸಿತು. ಈ ವಾಸನೆ ಹೊಳೆಯದಲ್ಲ.

೧೮ ಡಿಸೆಂಬರ್, ಬುಧವಾರ. ನಸುಕಿನಲ್ಲಿ

ಗೋಡೆಯಾಚೆ ಮುರಿಗೆಪ್ಪನ ತಾಯಿ ಗೌರವ್ವಜ್ಜಿ ಅಮಾವಾಸ್ಯೆಗೆ ಸಜ್ಜೆ ಬೀಸುತ್ತಿದ್ದಳು. ಹಾಸಿಗೆಯಲ್ಲೇ ಕಿವಿ ನಿಮಿರಿತು. ಅದೇ ಹಾಡು. ಎರಡನೆಯ ಸಾಲೂ!

‘ಊರ ಮಕ್ಕಳ ಮೈಯ ತೊಳದಾಕಿ ಹೊಳಿಯವ್ವ
ಮನಿಗಿ ಬಂದರ ಆಕಿ ಕಾಲೀಗಿ ನೀರ ಕೊಡಿರಿ’

ಶಾಲು ಹೊದ್ದು ಓಡಿದೆ. ಹೊಳೆ ಮನೆಗೆ ಬರುವುದೆಂದರೇನು ಅಜ್ಜಿ?

“ಹೊಳಿ ಉಕ್ಕಿ ಮಾಪೂರ ಬಂದಾಗ ಹೊಸ್ತಿಲದ ಮಟ ಬರತಾಳಲ್ಲವಾ. ಬಂದಾಕಿ ಕಾಲಿಗಿ ಒಂದ ತಂಬಿಗಿ ನೀರ ಹಾಕಿ ಉಡಿ ತುಂಬತಿದ್ವಿ. ಸಮಾಧಾನ ಆಗಿ ತಿರುಗಿ ಹೋಗತಿದ್ಲು.”

“ಹೊಳಿ ನೀರ ಹಾಕತಿದ್ರೇನು?”

ಅಜ್ಜಿ ಬೀಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಬಾವಿ ನೀರ. ಬಂದ ಬೀಗತಿಗಿ ಆಕಿ ಮನಿ ರೊಟ್ಟಿನ ತಿಂದು ಹೋಗಂತಾರೇನು?”

ಮನೆಗೆ ಬಂದ ಮೇಲೂ ಅದೇ ಸಾಲು ತಲೆಯಲ್ಲಿ. ನಾನು ಹೊಗಳಿಕೆ ಎಂದುಕೊಂಡಿದ್ದೆ. ಅದು ಕೆಲಸ ಹೇಳುವ ಸಾಲು.

೨೨ ಡಿಸೆಂಬರ್, ರವಿವಾರ. ದೀಪ ಹಚ್ಚುವ ಹೊತ್ತು

ಕೆಟ್ಟಿತು. ಇಲ್ಲ, ಇನ್ನೂ ಕೆಟ್ಟಿಲ್ಲ. ನಾಳೆ ಕೆಡುತ್ತದೆ.

ಸಂಜೆ ಮುರಿಗೆಪ್ಪ ತೆಗ್ಗಿನಿಂದ ಒಂದು ಕಡ್ಡಿ ಎಳೆದು ಬುಡದಲ್ಲಿ ಉಗುರು ಹಾಕಿದ. ಸಿಪ್ಪೆ ಬುಡದಿಂದ ತುದಿಯವರೆಗೆ ಜಾರಿ ಕೈಗೆ ಬಂತು, ಅಂಗಿ ಕಳೆದಂತೆ. ಬುಧವಾರ ಬರಬೇಕಾದ ಹದ ಇಂದೇ ಬಂದುಬಿಟ್ಟಿತ್ತು; ಅವನ ಮುಖ ಸಣ್ಣದಾಯಿತು. ಹೊಳೆಯ ನೀರು ತಣ್ಣಗೆ ಹರಿಯುತ್ತದೆ; ತೆಗ್ಗಿನ ನೀರು ಹನ್ನೆರಡು ದಿನ ಬಿಸಿಲಿಗೆ ಕಾದಿದೆ. ಹೊಳೆಯ ಅಂದಾಜಿನಲ್ಲಿ ತೆಗ್ಗಿನ ದಿನ ಹಿಡಿದಿದ್ದೇವೆ. ನಾನೂ, ಅವನೂ, ಎಲ್ಲರೂ. ನಾಳೆ ಎತ್ತದಿದ್ದರೆ ನಾರು ಹರಿಯುತ್ತದೆ.

ನಾಳೆ ಸೋಮವಾರ. ಸಾಲದ್ದಕ್ಕೆ ಎಳ್ಳ ಅಮಾವಾಸ್ಯೆ. ಎತ್ತು ಹೂಡುವ ಮಾತೇ ಇಲ್ಲ. ಕಟ್ಟುಗಳನ್ನೇನೋ ಹೊತ್ತು ತರಬಹುದು, ತೊಳೆಯಲು ನೀರು? ಬಾವಿಯಿಂದ ಮೊಟ್ಟೆ ಎತ್ತುವುದು ಎತ್ತುಗಳೇ. ಎಮ್ಮೆ ಹಿಡಿಸುವಷ್ಟು ದೊಡ್ಡ ತೊಗಲಿನ ಚೀಲ ಅದು. ಕೊಡದಲ್ಲಿ ಸೇದಿ ತೊಳೆಯುವ ರಾಶಿಯಲ್ಲ.

“ಹೊಳಿ ಅಲ್ಲೆ ಐತ್ರಿ ಅಕ್ಕಾರ,” ಎಂದ ಮುರಿಗೆಪ್ಪ, ನನ್ನನ್ನು ನೋಡದೆ. “ಒಂದ ದಿನ ತೊಳದ್ರ ಆಕಿ ಏನ ಸಾಯಂಗಿಲ್ಲ.”

ಬೆಳೆ ಅವನದು. ಹೊಳೆಗೆ ಇಳಿದರೆ ನಾಳೆಗೇ ಕರಾರು ಮುರಿಯಿತು. ಮೂರೂ ಕಡೆಯವರ ಬಣವೆ ಅದರ ಹಿಂದೆಯೇ ನೀರಿಗೆ ಬೀಳುತ್ತದೆ. ಇಳಿಯದಿದ್ದರೆ ನಾರು ಹರಿಯುತ್ತದೆ, ಆಗಲೂ ಬೀಳುತ್ತದೆ. ಅಲ್ಲಪ್ಪನ ಕೂಸುಮೀನುಗಳು...

ಶಿವಗಂಗವ್ವ ನಾಳೆಯ ಬುತ್ತಿಗೆ ಹಿಟ್ಟು ನಾದಲು ಒಳಗೆ ಹೋದಳು.

೨೩ ಡಿಸೆಂಬರ್, ಸೋಮವಾರ. ಸಂಜೆ

ಅಂಗೈ ಉರಿಯುತ್ತಿದೆ. ಪೆನ್ನು ಹಿಡಿಯಲಾಗುತ್ತಿಲ್ಲ. ಆದರೂ ಬರೆಯದೆ ಇರಲಾರೆ!

ಅಮಾವಾಸ್ಯೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದಿತ್ತು. ಎಡೆಯ ಅನ್ನವನ್ನು ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲುವ ದಿನ. ತಂಗಿಯ ಮನೆಯ ಹಬ್ಬಕ್ಕೆ ಶೆಟ್ಟೆಪ್ಪನೂ ತನ್ನವರ ಜೊತೆ ಬಂದಿದ್ದ; ತೆಗ್ಗಿನ ಗತಿ ನೋಡಲು ಮಮದಾಪುರದವರೂ ನಡೆದು ಬಂದಿದ್ದರು. ಮುರಿಗೆಪ್ಪನ ಬಾವಿಯ ಬಳಿ ಎಲ್ಲರೂ ನಿಂತರು. ಒಬ್ಬರೂ ಬುತ್ತಿ ಬಿಚ್ಚಲಿಲ್ಲ. ಸುದ್ದಿ ಹಬ್ಬಿತ್ತು. ಎತ್ತು ಹೂಡಿದರೆ ಬಸವಣ್ಣನಿಗೆ ತಪ್ಪು, ಹೊಳೆಗೆ ಇಳಿದರೆ ಮಾತಿಗೆ ತಪ್ಪು.

ಗೌರವ್ವಜ್ಜಿ ಬದುವಿನ ಮೇಲೆ ಕುಳಿತಿದ್ದಳು. “ಎತ್ತ ಹೂಡಬಾರದಂತ ಐತಿ. ಮನಷ್ಯಾರನ್ನ ಹೂಡಬಾರದಂತ ಯಾರರ ಹೇಳ್ಯಾರೇನು?”

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಮೊದಲು ನಕ್ಕವನು ಅಲ್ಲಪ್ಪ. ನಗುತ್ತಲೇ ಹೋಗಿ ಮೊಟ್ಟೆಯ ಹಗ್ಗ ಹೆಗಲಿಗೆ ಹಾಕಿಕೊಂಡ. “ದೋಣಿ ಜಗ್ಗಿದ ಹೆಗಲ್ರಿ ಇದು. ಬರ್ರಿ ಯಾರ ಬರ್ತೀರಿ.”

ಅವನ ಹಿಂದೆ ಅಂಬಿಗರು. ಅವರ ಹಿಂದೆ ಶೆಟ್ಟೆಪ್ಪನ ಮಂದಿ. ಆಮೇಲೆ ಮಮದಾಪುರದವರು, ನಮ್ಮ ಊರವರು, ಹೆಂಗಸರು, ನಾನು. ಎತ್ತುಗಳು ಇಳಿಯುವ ಇಳಿಜಾರಿನಲ್ಲಿ ನಾವು ಇಳಿದೆವು. ಅಲ್ಲಪ್ಪ ಪ್ರವಾಹದಲ್ಲಿ ದೋಣಿ ಎಳೆಯುವಾಗಿನ ಕೂಗು ಹಾಕಿದ, ನಾವು ಮರುಕೂಗು. ಬಾವಿಯಿಂದ ಚೀಲ ಏರಿ ಬಂದು ತೊಟ್ಟಿಗೆ ಧೊಪ್ಪೆಂದು ಮಗುಚಿತು. ಹಿಂದಕ್ಕೆ ಹತ್ತಿದೆವು, ಮತ್ತೆ ಇಳಿದೆವು. ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡ ಮುರಿಗೆಪ್ಪನ ಜೋಡೆತ್ತು ಗಿಡದ ಕೆಳಗೆ ಮೆಲುಕು ಹಾಕುತ್ತ ನೋಡುತ್ತಿದ್ದವು.

“ಆ ಬಲಗಡಿ ಎತ್ತ ನಗಾಕತ್ತೈತಿ ನೋಡ ಮುರಿಗೆಪ್ಪ,” ಎಂದ ಶೆಟ್ಟೆಪ್ಪ, ಏದುಸಿರು ಬಿಡುತ್ತ.

“ನಗಾಕತ್ತಿಲ್ಲ. ಮುದಲಗಿ ಎತ್ತ ಸಣ್ಣವು ಅಂತ ಮಾತಾಡಾಕತ್ತೈತಿ.”

ಗಾಯರಾಣದಿಂದ ಕಟ್ಟುಗಳು ತಲೆಯ ಮೇಲೆ ಬಂದವು. ಕಾಲುವೆಯ ಉದ್ದಕ್ಕೂ ಹೆಂಗಸರು ಕುಳಿತು ಸುಲಿದರು, ಕುಕ್ಕಿದರು, ಜಾಲಿಸಿದರು. ಕಪ್ಪು ನೀರು ಜೋಳದ ಸಾಲಿಗೆ ಹರಿಯಿತು. ಒಂದು ಹನಿ ಹೊಳೆಯ ಕಡೆ ಹೋಗಲಿಲ್ಲ. ಹೊತ್ತು ವಾಲಿದ ಮೇಲೆ ಚರಗ ಚೆಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ. ಯಾರ ಬುತ್ತಿ ಯಾರು ಉಂಡರೋ. ಎಲ್ಲರ ಕೈಗೂ ಸಣಬಿನ ವಾಸನೆ, ಹೋಳಿಗೆಗೂ.

ಮುರಿಗೆಪ್ಪ ಉಣ್ಣಲಿಲ್ಲ. ಹಸಿ ನಾರಿನ ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ. ಜಗ್ಗಿ ನೋಡಲಿಲ್ಲ. “ಒಣಗದ ಹೊರ್ತು ತಿಳಿಯಂಗಿಲ್ರಿ.”

ಶೆಟ್ಟೆಪ್ಪ ನಾರು ಒಣಗುವವರೆಗೆ ಇಲ್ಲೇ ಇರುತ್ತಾನೆ. ಮುದಲಗಿಯವರಿಗೆ ಹೂಂ ಅಥವಾ ಉಹೂಂ, ಒಂದನ್ನು ಹೊತ್ತು ಹೋಗಬೇಕಂತೆ.

೨೫ ಡಿಸೆಂಬರ್, ಬುಧವಾರ

ಓಣಿಯ ತುಂಬ ಗಳ, ಗಳದ ತುಂಬ ನಾರು. ಬೆಳ್ಳಗಿಲ್ಲ. ಹೊಸ ಬೆಲ್ಲದ ಬಣ್ಣ. ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ನೋಡಿ ಹೋಗುತ್ತಾರೆ. ಬಣ್ಣ ಕಂಡಾಯಿತು. ಇನ್ನು ಬಲ.

ನಾಳೆ ಬೆಳಗ್ಗೆ ಹಗ್ಗ ಹೊಸೆದು, ಅದನ್ನೇ ಮೊಟ್ಟೆಗೆ ಕಟ್ಟಿ, ತುಂಬಿದ ಚೀಲ ಎತ್ತಿಸುವುದಂತೆ. ಎಲ್ಲರ ಕಣ್ಣೆದುರು. ನಾಳೆ ಗುರುವಾರ, ಎತ್ತುಗಳಿಗೆ ಕೆಲಸವಿದೆ.

೨೬ ಡಿಸೆಂಬರ್, ಗುರುವಾರ. ಬೆಳಗ್ಗೆ

ಹೋಗಲಿಲ್ಲ. ಹುಡುಗಿಯರಿಗೆ ಪಾಠವಿದೆ ಎಂದು ಸುಳ್ಳು ಹೇಳಿದೆ. ಪಾಠ ಇನ್ನೂ ಒಂದು ತಾಸು ತಡ. ಹಗ್ಗ ಹರಿಯುವುದನ್ನು ನೋಡುವ ಧೈರ್ಯವಿಲ್ಲ. ಹರಿದರೆ ಆ ಮನುಷ್ಯನ ಮುಖವನ್ನು ಹೇಗೆ...

ದೂರದಲ್ಲಿ ಬಾವಿಯ ಗಾಲಿಯ ಸಪ್ಪಳ. ನಿಂತಿತು. ಕೂಗೂ ಇಲ್ಲ, ನಗುವೂ ಇಲ್ಲ. ಮತ್ತೆ ಸಪ್ಪಳ. ಮತ್ತೆ ನಿಂತಿತು. ಹರಿದ ಹಗ್ಗವಾದರೆ ಎರಡನೆಯ ಸಲ ಸಪ್ಪಳವಾಗುತ್ತಿರಲಿಲ್ಲ. ಅಥವಾ ಹಳೆಯ ಹಗ್ಗ ಕಟ್ಟಿದರೇ? ಅಜ್ಜಿಯ ಸಾಲು ಗುನುಗುತ್ತ ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಶಿವಗಂಗವ್ವ. ಓಡಿ ಬಂದಿದ್ದಾಳೆ. ಸೆರಗು ನೀರಲ್ಲಿ ತೊಯ್ದಿದೆ.

“ಅಕ್ಕಾರ, ಬರಿಯೂದ ಬಿಡ್ರಿ, ಹೊರಗ ಬರ್ರಿ. ನಮ್ಮಣ್ಣ ಊರಿಗಿ ಹೊಂಟಾನು. ತಮ್ಮೂರಾಗ ತೆಗ್ಗ ಎಷ್ಟ ಆಳ ತೋಡಬೇಕಂತ ಕೇಳಾಕತ್ತಾನು, ನೀವರ ಬಂದು ಹೇಳ್ರಿ.”